ಜಾಮೀನಿನ ಮೇಲೆ ಒಂದು ಊಟದ ಡಬ್ಬಿ

ನಿವೃತ್ತಿಯಾದವರಿಗೆ ಶಾಲು, ಹಾರ, ಗೋಡೆ ಗಡಿಯಾರ ಸಿಗುತ್ತವೆ ಎಂದು ಕೇಳಿದ್ದೇನೆ. ನನಗೆ ಸಿಕ್ಕಿದ್ದು ಒಂದು ಕೇಕು. ಅದರ ಮೇಲೆ ನೀಲಿ ಕ್ರೀಮಿನಲ್ಲಿ ‘ಹ್ಯಾಪಿ ರಿಟೈರ್ಮೆಂಟ್, ಮರಿ’ ಎಂಬರ್ಥದ ಮಾತು ಬರೆಸಿದ್ದರು. ಮೂವತ್ತನಾಲ್ಕಕ್ಕೆ ಕೆಲಸ ಬಿಟ್ಟವನನ್ನು ನಿವೃತ್ತನೆಂದು ಕರೆದದ್ದು ನಮ್ಮ ಆಫೀಸಿನವರ ಕುಚೋದ್ಯ. ಆ ಸಂಜೆ ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಕೇಕಿನ ಮೇಲಿನದೇ ಸರಿ ಅನಿಸಿತು. ಮರುದಿನ ಹನ್ನೆರಡು ಗಂಟೆ ನಿದ್ದೆ ಮಾಡಿ ಎದ್ದರೂ ಮುಖ ಇನ್ನೂ ಎದ್ದಿರಲಿಲ್ಲ.

ಈಗ ಬರೆಯಲು ಕಾರಣ ನಮ್ಮ ಕನ್ನಡ ಕೂಟದ ಒಬ್ಬ ಹುಡುಗಿ. ಸಿಯಾಟಲ್ ಪಕ್ಕದ, ಸಾಫ್ಟ್‌ವೇರ್ ಕಂಪನಿಗಳ ರೆಡ್ಮಂಡಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ಕೋರ್ಟಿನಲ್ಲೇ ಕೆಲಸ ಮಾಡುತ್ತೇನೆ ಎಂದು ಕೂತಿದ್ದಾಳೆ. ಅವಳ ತಾಯಿ ನನಗೆ ಫೋನ್ ಮಾಡಿ, ‘ನೀನು ಸ್ವಲ್ಪ ಬುದ್ಧಿ ಹೇಳಪ್ಪ, ಅದರ ಕಷ್ಟ ಏನೂಂತ ಹೇಳು’ ಅಂದರು. ಕಷ್ಟ ಹೇಳುತ್ತೇನೆ. ಬುದ್ಧಿ ನನ್ನ ಹತ್ತಿರ ಸ್ಟಾಕಿಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡಬೇಕು, ಯಾಕೆಂದರೆ ನನ್ನ ಹೆತ್ತವರಿಗೇ ಅದು ಕೊನೆಯವರೆಗೂ ತಿಳಿಯಲಿಲ್ಲ. ಅಪ್ಪ ಕೇಳಿದವರಿಗೆಲ್ಲ ‘ಮಗ ಲಾ ಡಿಪಾರ್ಟ್‌ಮೆಂಟು’ ಎನ್ನುತ್ತಿದ್ದರು. ಒಬ್ಬನನ್ನು ಪೊಲೀಸರು ಹಿಡಿದು ತರುತ್ತಾರೆ. ವಿಚಾರಣೆ ನಡೆದು ತೀರ್ಪು ಬರಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಅವನು ಜೈಲಿನಲ್ಲಿ ಕಾಯಬೇಕೋ, ಮನೆಯಲ್ಲಿ ಕಾಯಬಹುದೋ? ಇದನ್ನು ತೀರ್ಮಾನಿಸಲು ಜಡ್ಜ್ ಬಳಿ ಇರುವುದು ಹಲ್ಲುಜ್ಜುವಷ್ಟು ಹೊತ್ತು. ಆದ್ದರಿಂದ ನಾವು ಮುಂಜಾನೆಯೇ ಜೈಲಿಗೆ ಹೋಗಿ ಅವನ ಜೊತೆ ಮಾತಾಡಿ, ಅವನ ಮನೆಗೆ ಫೋನ್ ಮಾಡಿ, ಹೇಳಿದ್ದು ನಿಜವೇ ಎಂದು ನೋಡಿ, ಇವನನ್ನು ಇಂತಿಂಥ ಷರತ್ತಿನ ಮೇಲೆ ಬಿಡಬಹುದು ಅಥವಾ ಬೇಡ ಎಂದು ಜಡ್ಜ್‌ಗೆ ಹೇಳುತ್ತೇವೆ. ಬಿಟ್ಟ ಮೇಲೆ ಷರತ್ತು ಪಾಲಿಸುತ್ತಿದ್ದಾನೋ ಎಂದು ನೋಡಿಕೊಳ್ಳುತ್ತೇವೆ. ಅವನು ಅಪರಾಧ ಮಾಡಿದನೋ ಇಲ್ಲವೋ, ಅದು ನಮ್ಮ ತಲೆನೋವಲ್ಲ. ಕರೆದ ದಿನ ಬರುತ್ತಾನೋ, ಅಲ್ಲಿಯವರೆಗೆ ಯಾರಿಗೂ ತೊಂದರೆ ಕೊಡದೆ ಇರುತ್ತಾನೋ, ಅಷ್ಟೇ. ಅಷ್ಟೇ ಎಂದು ಬರೆಯುವುದು ಸುಲಭ.

ಸೇರಿದ ಮೊದಲ ವಾರ ನನ್ನ ಮೇಲಧಿಕಾರಿ ಲೊರೇನ್ ಹೇಳಿದ್ದಳು: ‘ನೋಡು, ನೀನು ಸರಿಯಾಗಿ ಹೇಳಿದ ದಿನ ಏನೂ ಆಗಲ್ಲ. ಏನೂ ಆಗದೇ ಇರೋದೇ ನಿನ್ನ ಸಾಧನೆ. ತಪ್ಪು ಹೇಳಿದ ದಿನ ಟೀವೀಲಿ ಬರ್ತೀಯ.’ ಹೇಳಿ ಮತ್ತೆ ತನ್ನ ಹೆಣಿಗೆಗೆ ಮರಳಿದಳು. ಆಕೆ ಮೀಟಿಂಗುಗಳಲ್ಲೆಲ್ಲ ಉಲ್ಲನ್ ಹೆಣೆಯುತ್ತಿದ್ದಳು. ಎಷ್ಟೋ ವರ್ಷದಿಂದ ಅದೇ ಒಂದು ಮಫ್ಲರು. ಮೀಟಿಂಗ್ ಕೆಟ್ಟದಾಗಿ ಹೋದರೆ ಹೆಣೆದದ್ದನ್ನು ಬಿಚ್ಚಿಬಿಡುತ್ತಿದ್ದಳು.

ನನಗೊಂದು ಚಟ. ಯಾರ ದನಿ ಕೇಳಿದರೂ ನನ್ನ ಗಂಟಲು ಸುಮ್ಮನಿರುವುದಿಲ್ಲ. ಹತ್ತನೇ ತರಗತಿ ಮುಗಿಸಿ ಮೈಸೂರಿನಿಂದ ಬಂದವನು ನಾನು. ಇಂಗ್ಲಿಷು ಕಲಿಯುವ ಮುಂಚೆ ಇಂಗ್ಲಿಷಿನವರ ಕೆಮ್ಮು ಕಲಿತೆ. ಕೋರ್ಟಿನಲ್ಲಿ ಎಲ್ಲರೂ ಮಾತಾಡುತ್ತಿದ್ದದ್ದು ಇಂಗ್ಲಿಷೇ, ಆದರೆ ನನ್ನ ತಲೆಯೊಳಗೆ ಒಬ್ಬೊಬ್ಬರೂ ಒಂದೊಂದು ಕನ್ನಡ ಆಡುತ್ತಿದ್ದರು. ಲೊರೇನ್ ಬೆಂಗಳೂರಿನವಳು. ಜಡ್ಜ್ ಮೈಸೂರಿನ ಹಳೆಯ ಹೆಡ್‌ಮಿಸ್ಟ್ರೆಸ್. ರಾಜ್ಯದ ಪೂರ್ವಕ್ಕೆ ಗೋಧಿ ಬೆಳೆಯುವ ಸೀಮೆಯಿಂದ ಬಂದ ಮುದುಕ ವಾಲ್ಟ್, ಮುಂದೆ ಬರುತ್ತಾನೆ, ಸಾಕ್ಷಾತ್ ಮಂಡ್ಯ. ಇಲ್ಲಿಯೂ ಹಾಗೇ ಬರೆಯುತ್ತೇನೆ. ಅದು ಯಥಾವತ್ ವರದಿಯಲ್ಲ, ಆದರೆ ದನಿ ಸುಳ್ಳಲ್ಲ.

ಈ ಚಟದಿಂದ ಒಮ್ಮೆ ಕೆಲಸವೇ ಹೋಗುವುದರಲ್ಲಿತ್ತು. ನಮ್ಮ ಜಡ್ಜ್ ಮೇಡಂಗೆ ಸದಾ ಗಂಟಲು ಕೆರೆತ. ಬಾಯಲ್ಲಿ ಕೆಮ್ಮಿನ ಗುಳಿಗೆ, ಎಡಗೆನ್ನೆಯಿಂದ ಬಲಗೆನ್ನೆಗೆ ಅದು ಹೋದರೆ ಜಾಮೀನು ಇಲ್ಲವೆಂದೇ ಲೆಕ್ಕ. ಒಂದು ದಿನ ಲಿಫ್ಟಿನಲ್ಲಿ ಗುಮಾಸ್ತರಿಗೆ ಅದನ್ನು ಮಾಡಿ ತೋರಿಸುತ್ತಿದ್ದೆ, ಗುಳಿಗೆ ಸಮೇತ. ಯಾರೂ ನಗಲಿಲ್ಲ. ಹಿಂದೆ ತಿರುಗಿದರೆ ಆಕೆಯೇ ನಿಂತಿದ್ದರು. ಬಾಗಿಲು ತೆರೆದ ಮೇಲೆ ಹೊರಗೆ ಹೋಗುತ್ತ ಅಂದರು: ‘ಕೆಮ್ಮು ಇನ್ನೂ ಸ್ವಲ್ಪ ಒಣಗಬೇಕು. ಗುಳಿಗೆ ಚೆನ್ನಾಗಿದೆ.’

ನಾನು ಸೇರಿದಾಗ ಶಿಫಾರಸು ಮಾಡುತ್ತಿದ್ದದ್ದು ಅಂದಾಜಿನ ಮೇಲೆ. ಲೊರೇನ್ ಆರೋಪಿಯನ್ನು ಒಮ್ಮೆ ನೋಡಿ ‘ಇವನು ಬರ್ತಾನೆ’, ‘ಇವನು ಬರಲ್ಲ’ ಎನ್ನುತ್ತಿದ್ದಳು. ಆಮೇಲೆ ಅಂಕ ಕೊಡುವ ಪದ್ಧತಿ ಬಂತು. ವಯಸ್ಸು, ಹಿಂದಿನ ಕೇಸು, ಮನೆ, ಕೆಲಸ ಎಲ್ಲ ಹಾಕಿದರೆ ಕಂಪ್ಯೂಟರ್ ಒಂದು ಸಂಖ್ಯೆ ಉಗುಳುತ್ತಿತ್ತು. ಅದರಿಂದ ನಮ್ಮ ತಪ್ಪು ಕಡಿಮೆಯಾಯಿತೋ, ತಪ್ಪಿನ ಹೊಣೆ ಮಾತ್ರ ಕಡಿಮೆಯಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ಮೊದಲು ಕೋರ್ಟಿನ ದಿನ ನೆನಪಿಸಲು ನಾವೇ ಫೋನ್ ಮಾಡುತ್ತಿದ್ದೆವು. ಆಮೇಲೆ ಮೊಬೈಲಿಗೆ ತಾನೇ ಮೆಸೇಜ್ ಹೋಗುವ ಹಾಗಾಯಿತು. ಬರುವವರ ಸಂಖ್ಯೆ ಹೆಚ್ಚಿತು, ಒಪ್ಪುತ್ತೇನೆ. ಆದರೆ ಫೋನಿನಲ್ಲಿ ‘ಅಯ್ಯೋ ನಾಳೇನಾ? ಮಗೂನ ಯಾರ ಹತ್ರ ಬಿಡ್ಲಿ?’ ಎಂದು ಕೇಳುತ್ತಿದ್ದವರು ಮೆಸೇಜಿಗೆ ಏನು ಕೇಳಿದರೋ ಯಾರು ಕೇಳಿಸಿಕೊಂಡರೋ.

ಮಾಜಿ ಸೈನಿಕರಿಗೆಂದು ಕೋರ್ಟಿನಲ್ಲಿ ಬೇರೆ ದಿನ ಇಟ್ಟದ್ದು, ಅದಕ್ಕೆ ಸೈನಿಕರ ಕೋರ್ಟು ಎಂದು ಹೆಸರಾದದ್ದು ನಾನು ಸೇರಿದ ಕೆಲವು ವರ್ಷಕ್ಕೆ. ಯುದ್ಧದಿಂದ ಬಂದವರು ಕುಡಿದು, ಹೊಡೆದಾಡಿ, ನಿದ್ದೆ ಬರದೆ ಏನೇನೋ ಮಾಡಿಕೊಂಡು ಕೋರ್ಟಿಗೆ ಬರುತ್ತಿದ್ದರು. ಅಂಥವರು ಚಿಕಿತ್ಸೆಗೆ ಒಪ್ಪಿ, ವರ್ಷಕ್ಕೂ ಮೇಲೆ ಜಡ್ಜ್ ಕಣ್ಣೆದುರು ನೆಟ್ಟಗಿದ್ದರೆ ಕೇಸು ವಜಾ. ಪ್ರತಿಯೊಬ್ಬನಿಗೂ ಒಬ್ಬ ಹಿರಿಯ ಮಾಜಿ ಸೈನಿಕ ಜೊತೆಗಾರ. ಸಂಬಳವಿಲ್ಲದ ಈ ಹಿರಿಯರನ್ನು ಮೆಂಟರ್ ಎನ್ನುತ್ತಿದ್ದೆವು.

ಇವರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಮೊದಲನೆಯವನನ್ನು ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದೆ. ಎಲ್ಲ ಪ್ರಶ್ನೆಗೂ ಅವನು ಕತ್ತು ಹಿಂದೆ ತಿರುಗಿಸಿಕೊಂಡೇ ಉತ್ತರ ಕೊಟ್ಟ. ‘ಅಸಹಕಾರ, ಗಮನವಿಲ್ಲ’ ಎಂದು ಬರೆದೆ. ಅವನ ಮೆಂಟರ್ ವಾಲ್ಟ್ ಅದನ್ನು ಓದಿ ನನ್ನನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಹಿಂದಿನಿಂದ ಬಾಗಿಲನ್ನು ಧಡಾರೆಂದು ಬಡಿದ. ನಾನು ಅರ್ಧ ಅಡಿ ಹಾರಿದೆ.

‘ಈಗ ನೀನೂ ಅಸಹಕಾರವಾ?’ ಅಂದ. ‘ಕುರ್ಚಿ ತಿರುಗ್ಸ್ಲಾ ಮೊದ್ಲು.’

ವಾಲ್ಟ್ ವಿಯೆಟ್ನಾಂ ಯುದ್ಧದವನು. ಬಂದ ಮೇಲೆ ಸಿಯಾಟಲ್‌ನಲ್ಲಿ ಸಿಟಿ ಬಸ್ ಓಡಿಸಿ ರಿಟೈರ್ ಆಗಿದ್ದ. ಉಪದೇಶ ಮಾಡುವವನಲ್ಲ. ಯಾರನ್ನು ಕೊಟ್ಟರೂ ತನ್ನ ಹಳೆಯ ಪಿಕಪ್ಪಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸುತ್ತಿದ್ದ. ‘ಮಾತಾಡು ಅಂದ್ರೆ ಮಾತಾಡಕಿಲ್ಲ. ರಸ್ತೆ ನೋಡ್ತಾ ಇದ್ರೆ ಬಾಯಿ ತಂತಾನೇ ಬಿಟ್ಕತದೆ’ ಎನ್ನುವುದು ಅವನ ಇಡೀ ಮನಶ್ಶಾಸ್ತ್ರ.

ಇನ್ನು ಕಿರಣ್. ಈ ಬರಹದ ಉಳಿದ ಭಾಗವೆಲ್ಲ ಅವನದ್ದೇ, ಏಕೆಂದರೆ ನನ್ನ ಕಷ್ಟವನ್ನು ಇನ್ಯಾವ ಕೇಸೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ.

ಆ ಬೆಳಿಗ್ಗೆ ಪಟ್ಟಿಯಲ್ಲಿ ನಮ್ಮ ಕಡೆಯ ಹೆಸರು ನೋಡಿ ನನಗೆ ಸಣ್ಣ ಪುಳಕ. ನಾಚಿಕೆಗೇಡಿನ ಪುಳಕ. ಹುಬ್ಬಳ್ಳಿಯಿಂದ ಹನ್ನೆರಡನೇ ವಯಸ್ಸಿಗೆ ಬಂದ ಹುಡುಗ, ಈಗ ಇಪ್ಪತ್ತಾರು. ರೆಡ್ಮಂಡಿನಲ್ಲಿ ಎಂಜಿನಿಯರ್ ಆಗಿರುವ ಅಪ್ಪನ ಜೊತೆ ಮನೆಯಲ್ಲಿ ಜಗಳ. ಕುಡಿದು ಕಾರು ತೆಗೆಯಲು ಹೊರಟವನ ಕೈಯಿಂದ ಅಪ್ಪ ಕೀಲಿ ಕಿತ್ತುಕೊಂಡರು, ಇವನು ತಳ್ಳಿದ, ಅವರು ಬಿದ್ದು ಮಣಿಕಟ್ಟು ಮುರಿಯಿತು. ಪೊಲೀಸರನ್ನು ಕರೆದದ್ದು ಅಪ್ಪನೇ.

‘ಮಿಲಿಟರಿಯಲ್ಲಿ ಇದ್ದೆಯಾ?’ ಎಂದು ರೂಢಿಯ ಪ್ರಶ್ನೆ ಕೇಳಿದೆ. ಇಲ್ಲ ಅಂದ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ. ಅದು ಇಲ್ಲಿ ಬೆಳೆದ ನಮ್ಮ ಮಕ್ಕಳ ಮಾಮೂಲು.

ಅವನ ತಾಯಿ ಸುನಂದಾ ಅವರಿಗೆ ಫೋನ್ ಮಾಡಿದೆ. ನಾನು ಕನ್ನಡದವನು ಎಂದು ತಿಳಿದದ್ದೇ ಆಕೆಯ ದನಿ ಕಿಟಕಿ ತೆರೆದ ಹಾಗಾಯಿತು.

‘ಅಯ್ಯ ನಮ್ಮವ್ರ ಏನ್ರಿ ನೀವು? ಹಂಗಾದ್ರ ಬಿಡಿಸಿಬಿಡ್ರೀಪಾ ಅವನ್ನ. ಪೊಲೀಸ್ರು ಬಂದು ಎರಡ ಮಾತ ಬುದ್ಧಿ ಹೇಳಿ ಹೋಗ್ತಾರ ಅಂತ ಇವ್ರು ಕರದಾರ. ಹುಬ್ಬಳ್ಳ್ಯಾಗ ಹಂಗ ಅಲ್ಲೇನ್ರಿ? ಬೇಡಿ ಹಾಕ್ಕೊಂಡ ಹೋಗ್ತಾರಂತ ಯಾರಿಗ್ ಗೊತ್ತಿತ್ತು?’

ಇಲ್ಲಿಯ ಕಾನೂನಿನಲ್ಲಿ ಮನೆಯೊಳಗಿನ ಹೊಡೆದಾಟಕ್ಕೆ ಪೊಲೀಸರು ಬಂದರೆ ಬುದ್ಧಿ ಹೇಳಿ ಹೋಗುವ ಅನುಕೂಲವಿಲ್ಲ, ಹಿಡಿದುಕೊಂಡೇ ಹೋಗಬೇಕು ಎಂದು ವಿವರಿಸಿದೆ. ಆಕೆ ದನಿ ತಗ್ಗಿಸಿ ಅಂದರು: ‘ಅಂವಾ ಮೊದಲ ಹಿಂಗ ಇರಲಿಲ್ರಿ. ಆರ್ಮ್ಯಾಗಿಂದ ಬಂದ ಮ್ಯಾಲೇ ಹಿಂಗಾಗ್ಯಾನ. ಯಾರ ಮುಂದೂ ಹೇಳಬ್ಯಾಡ್ರಿ ಮತ್ತ. ಕೂಟದಾಗ ಎಲ್ಲಾರಿಗೂ ಟೆಕ್ಸಸ್ಸಿನ್ಯಾಗ ಕೋರ್ಸ್ ಮಾಡಾಕತ್ತಾನ ಅಂತ ಹೇಳೇವಿ.’

ಅಫ್ಘಾನಿಸ್ತಾನದಲ್ಲಿ ಸೈನ್ಯದ ಟ್ರಕ್ ರಿಪೇರಿ ಮಾಡುತ್ತಿದ್ದವನನ್ನು ಕೂಟದವರು ಕೋರ್ಸ್ ಮುಗಿಯಿತೇ ಎಂದು ಕೇಳುತ್ತಿದ್ದರಂತೆ! ವಾಪಸ್ ಹೋಗಿ ಕಿರಣ್‌ನನ್ನು ಕೇಳಿದರೆ ಭುಜ ಕುಣಿಸಿದ. ‘ನಾನು ಬರೀ ಟ್ರಕ್ ರಿಪೇರಿ ಮಾಡ್ತಿದ್ದೆ. ಸೈನಿಕರು ಅಂದ್ರೆ ಆ ಟ್ರಕ್ಕಲ್ಲಿ ಹೋಗಿ ವಾಪಸ್ ಬರದೇ ಇದ್ದವರು.’

ನಾನು ಬಿಡುಗಡೆಗೆ ಶಿಫಾರಸು ಮಾಡಿದೆ. ಜಡ್ಜ್ ಬಿಟ್ಟರು. ಷರತ್ತು ಮೂರು. ಕುಡಿಯಬಾರದು. ಶೋರ್‌ಲೈನ್ ಎಂಬ ಊರಿನಲ್ಲಿ ಮಾಜಿ ಸೈನಿಕರಿಗೆಂದು ಇದ್ದ ವಸತಿಮನೆಯಲ್ಲೇ ಇರಬೇಕು. ಅಪ್ಪ ಅಮ್ಮ ಇಬ್ಬರ ಜೊತೆಗೂ ಯಾವ ಸಂಪರ್ಕವೂ ಕೂಡದು. ಆರು ವಾರದ ನಂತರ ಅವನನ್ನು ಸೈನಿಕರ ಕೋರ್ಟಿಗೆ ತೆಗೆದುಕೊಳ್ಳಬೇಕೋ ಬೇಡವೋ ಎಂಬ ವಿಚಾರಣೆ. ಅಲ್ಲಿಯವರೆಗೆ ಒಂದೇ ಒಂದು ಷರತ್ತು ಮುರಿದರೂ ಪ್ರಾಸಿಕ್ಯೂಟರ್ ಒಪ್ಪುವುದಿಲ್ಲ. ಆಗ ಮತ್ತೆ ಜೈಲು, ಚಿಕಿತ್ಸೆಯ ಜಾಗ ಕೈತಪ್ಪುತ್ತದೆ, ಮಾಮೂಲಿ ವಿಚಾರಣೆ, ಜೀವನವಿಡೀ ಅಪ್ಪನಿಗೆ ಹೊಡೆದವನೆಂಬ ಶಿಕ್ಷೆಯ ದಾಖಲೆ. ಕಿರಣ್‌ಗೆ ಇದೆಲ್ಲ ಅರ್ಥವಾಗಿತ್ತು. ಮುಂದಿನ ವಾರಗಳಲ್ಲಿ ಅವನಷ್ಟು ಅಚ್ಚುಕಟ್ಟಾಗಿ ಷರತ್ತು ಪಾಲಿಸಿದವರನ್ನು ನಾನು ನೋಡಿಲ್ಲ. ವಾಲ್ಟ್ ಜೊತೆ ಪಿಕಪ್ಪಿನಲ್ಲಿ ಸುತ್ತುತ್ತಿದ್ದ, ಅದರ ಎಂಜಿನ್ನನ್ನೂ ಬಿಚ್ಚಿ ಸರಿ ಮಾಡಿದ್ದ.

ಷರತ್ತು ಅರ್ಥವಾಗದೆ ಉಳಿದದ್ದು ಸುನಂದಮ್ಮನಿಗೆ.

ನಾಲ್ಕನೇ ವಾರ ಕಿರಣ್ ಫೋನ್ ಮಾಡಿದ. ‘ಬಾಗಿಲ ಹತ್ರ ಒಂದು ಚೀಲ ಇದೆ. ಸ್ಟೀಲ್ ಡಬ್ಬಿ. ಅಮ್ಮಂದು. ನಾನು ಮುಟ್ಟಿಲ್ಲ. ಅವರು ಕಾರಿಂದ ಇಳಿದದ್ದು ಕಿಟಕೀಲಿ ನೋಡಿದೆ. ನಾನು ಹೊರಗೆ ಹೋಗ್ಲಿಲ್ಲ, ನಂಬು.’

ಅವನು ನಂತರ ವಾಲ್ಟ್‌ಗೆ ಫೋನ್ ಮಾಡಿದ. ವಾಲ್ಟ್ ಹೋಗಿ ಚೀಲ ಎತ್ತಿಕೊಂಡ. ಅರ್ಧ ಗಂಟೆ ಕಳೆದು ನಾನು ವಿಚಾರಿಸಿದಾಗ ವಾಲ್ಟ್ ಬಾಯಲ್ಲಿ ಏನೋ ಇತ್ತು.

‘ಸಾಕ್ಷಿ ಎಲ್ಲಿ?’

‘ತಿಂದ್ಬುಟ್ಟೆ ಕಣ್ಲಾ. ಬದ್ನೆಕಾಯಿ ಅದೆಂಗ್ ಮಾಡವ್ಳೆ ಅಂತೀಯ! ಅದ್ರ ಜೊತೆಗೆ ಕಟಕಟ ಅನ್ನೋ ತಟ್ಟೆ ಥರದ್ದು.’

ಎಣ್ಣೆಗಾಯಿ, ಖಡಕ್ ರೊಟ್ಟಿ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಬಾಗಿಲಿಗೆ ಊಟ ಇಟ್ಟು ಹೋಗುವುದೂ ಸಂಪರ್ಕವೇ. ಇಟ್ಟದ್ದು ತಾಯಿ, ಆದರೆ ಬೇಡಿ ಬೀಳುವುದು ಮಗನಿಗೆ. ಗೊತ್ತಾದದ್ದನ್ನು ವರದಿ ಮಾಡಲೇಬೇಕು. ಮಾಡದಿದ್ದರೆ ನನ್ನ ಮಾತಿಗೆ ಆ ಕೋರ್ಟಿನಲ್ಲಿ ಮುಂದೆ ಬೆಲೆಯಿಲ್ಲ, ನನ್ನ ಮಾತನ್ನು ನಂಬಿ ಬಿಡುಗಡೆಯಾಗಬೇಕಾದ ಉಳಿದವರಿಗೂ ಬಾಗಿಲು ಮುಚ್ಚಿದ ಹಾಗೆ. ಲೊರೇನ್ ಮುಂದೆ ಹೋಗಿ ನಿಂತೆ. ಆಕೆ ತಲೆಯೆತ್ತಲಿಲ್ಲ. ಮಫ್ಲರಿನ ಒಂದು ಸಾಲು ಬಿಚ್ಚುತ್ತ, ‘ನಿಂಗೆ ಉತ್ತರ ಗೊತ್ತಿದೆ, ನನ್ನ ಬಾಯಿಂದ ಕೇಳೋಕೆ ಬಂದಿದೀಯ. ಬರಿ. ಹುಡುಗ ತಾನೇ ಫೋನ್ ಮಾಡಿದ ಅನ್ನೋದನ್ನ ಮೊದಲ ಸಾಲಿಗೇ ಬರಿ’ ಅಂದಳು.

ಬರೆದೆ. ಬರೆದು ಸುನಂದಮ್ಮನಿಗೆ ಫೋನ್ ಮಾಡಿದೆ.

‘ನಾ ಅವನ ಜೋಡಿ ಒಂದ ಮಾತೂ ಆಡಿಲ್ಲಲ್ರೀ! ಡಬ್ಬಿ ಇಟ್ಟ ಬಂದೀನಿ ಅಷ್ಟ. ಗಂಟೀನೂ ಬಾರಿಸಿಲ್ಲ.’

‘ಕೋರ್ಟಿಗೆ ಎರಡೂ ಒಂದೇ ಅಮ್ಮ.’

‘ಅದೆಂಥಾ ಕೋರ್ಟ್ರೀ? ಅವ್ವ ಮಗಗ ಊಟ ಕೊಟ್ರ ಮಗನ್ನ ಜೇಲಿಗೆ ಹಾಕತೈತಿ?’

‘ಹೌದು’ ಎಂದೆ.

‘ನೀವ ಬರದೀರೇನು?’

‘ಹೌದು.’

‘ನಮ್ಮವ್ರ ಅಂತ ಅಂದಕೊಂಡಿದ್ದೆ’ ಎಂದು ಫೋನ್ ಇಟ್ಟರು. ಆಕೆಯ ಆ ದನಿಯನ್ನು ನಾನು ಎಂದೂ ಅನುಕರಿಸಲು ಹೋಗಿಲ್ಲ. ನನಗೆ ಬರುತ್ತದೆ, ಆದರೂ ಮಾಡುವುದಿಲ್ಲ.

ಮುಂದಿನ ಎರಡು ವಾರ ನನ್ನ ನಿದ್ದೆಯ ವಿಷಯ ಹೇಳಿ ಬೇಜಾರು ಮಾಡುವುದಿಲ್ಲ. ಈ ಕೆಲಸಕ್ಕೆ ಬರುವ ಮಕ್ಕಳು ತಿಳಿದುಕೊಳ್ಳಬೇಕಾದ್ದು ಇಷ್ಟು: ನಿಮ್ಮ ದಿನದ ಬಹುಪಾಲು ಕೆಟ್ಟವರ ಜೊತೆ ಕಳೆಯುವುದಿಲ್ಲ. ಒಳ್ಳೆಯ ಉದ್ದೇಶದಿಂದ ತಪ್ಪು ಜಾಗದಲ್ಲಿ ನಿಂತಿರುವವರ ಜೊತೆ ಕಳೆಯುತ್ತದೆ. ಸುಸ್ತಾಗುವುದು ಅದಕ್ಕೇ. ಕೆಟ್ಟವರಾದರೆ ಮನೆಗೆ ಬಂದು ಬೈದುಕೊಂಡು ಮಲಗಬಹುದಿತ್ತು.

ವಿಚಾರಣೆಯ ದಿನ ಕೋರ್ಟಿನ ಹೊರಗೆ, ನೋಟೀಸು ಬೋರ್ಡನ್ನು ಅತಿ ಶ್ರದ್ಧೆಯಿಂದ ಓದುತ್ತ ಒಬ್ಬರು ನಿಂತಿದ್ದರು. ಬಲಗೈಗೆ ಬ್ಯಾಂಡೇಜು. ಕಿರಣ್‌ನ ಅಪ್ಪ. ಒಳಗೆ ಬರುವಿರಾ ಎಂದು ಕೇಳಿದೆ. ‘ಇಲ್ಲ, ಇಲ್ಲೇ ಇರ್ತೀನಿ. ಯಾರಾರ ಪರಿಚಯದವ್ರು ಬಂದ್ರ…’ ಅಂದು ಮತ್ತೆ ಬೋರ್ಡಿಗೆ ತಿರುಗಿದರು. ಅದರಲ್ಲಿದ್ದದ್ದು ಪಾರ್ಕಿಂಗ್ ನಿಯಮ.

ಸುನಂದಮ್ಮ ಒಳಗೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ಕಿರಣ್ ಮುಂದೆ ವಕೀಲರ ಪಕ್ಕ. ತಿರುಗಿ ನೋಡಿದರೂ ಅದು ಸಂಪರ್ಕವಾದೀತೆಂದು ಕತ್ತು ಕಬ್ಬಿಣದ ಹಾಗೆ ನೆಟ್ಟಗಿಟ್ಟಿದ್ದ. ಪ್ರಾಸಿಕ್ಯೂಟರ್ ಎಳೆಯ ಹುಡುಗ, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆಯೇ ‘ಷರತ್ತು ಮುರಿದಿದೆ, ಸರ್ಕಾರಕ್ಕೆ ಆಕ್ಷೇಪಣೆ ಇದೆ’ ಅಂದ. ಜಡ್ಜ್ ನನ್ನ ಕಡೆ ತಿರುಗಿದರು.

‘ಅವನು ಊಟ ಮುಟ್ಟಲಿಲ್ಲ, ಹೊರಗೆ ಬರಲಿಲ್ಲ. ಮೊದಲು ನಮಗೆ ಫೋನ್ ಮಾಡಿದ. ನಮಗೆ ಗೊತ್ತಾಗಿದ್ದೇ ಅವನಿಂದ. ತೆಗೆದುಕೊಳ್ಳಬಹುದು ಎಂದು ನನ್ನ ಶಿಫಾರಸು’ ಎಂದೆ.

‘ಊಟ ಈಗ ಎಲ್ಲಿದೆ?’

ವಾಲ್ಟ್ ಎದ್ದು ನಿಂತು ಟೋಪಿ ತೆಗೆದ. ‘ನಾನು ತಿಂದೆ, ಯುವರ್ ಆನರ್.’

ಗುಳಿಗೆ ಎಡಗೆನ್ನೆಯಲ್ಲೇ ಉಳಿಯಿತು. ಕಿರಣ್‌ನ ವಕೀಲೆ ಸಮಯ ನೋಡಿ, ತಾಯಿಯ ಮಟ್ಟಿಗಾದರೂ ಸಂಪರ್ಕದ ನಿಷೇಧ ತೆಗೆಯಬೇಕು, ಆಕೆಗೆ ಪೆಟ್ಟಾಗಿಲ್ಲ, ಆಕೆಯೇ ಬಯಸುತ್ತಿದ್ದಾಳೆ ಎಂದು ಕೇಳಿದಳು. ಜಡ್ಜ್ ಸುನಂದಮ್ಮನನ್ನು ಮುಂದೆ ಕರೆದರು. ಎಲ್ಲರಿಗೂ ಮುಂದಿನ ಮಾತು ಗೊತ್ತಿತ್ತು. ಇಂಥ ಹೊತ್ತಿನಲ್ಲಿ ತಾಯಂದಿರು ಹೇಳುವುದು ಒಂದೇ.

‘ನಿಮ್ಮ ಮಗನ ಬಗ್ಗೆ ನಿಮಗೆ ಭಯ ಇದೆಯೇ?’

ಸುನಂದಮ್ಮ ಇಂಗ್ಲಿಷಿನಲ್ಲೇ ಉತ್ತರಿಸಿದರು. ನನ್ನ ಕಿವಿಗೆ ಬಿದ್ದದ್ದು ಹೀಗೆ:

‘ಅದ ರಿ. ಭಯ ಅದ.’

ವಕೀಲೆ ಕಣ್ಣು ಮುಚ್ಚಿಕೊಂಡಳು. ಪ್ರಾಸಿಕ್ಯೂಟರ್ ಮೊದಲ ಸಲ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ.

‘ಮನ್ಯಾಗಿದ್ರ ರಾತ್ರೆಲ್ಲಾ ಗ್ಯಾರೇಜಿನ್ಯಾಗ ಅಡ್ಡಾಡ್ತಾನ. ಏನರ ಸಪ್ಪಳಾದ್ರ ನಾ ಖೋಲಿ ಚಿಲಕಾ ಹಾಕ್ಕೊಂಡ ಕೂಡ್ತೀನಿ. ಇವ್ರಿಗೂ ಹೇಳಿಲ್ಲ. ನನ್ನ ಮಗಾನ, ಅದಕ್ಕಂತ ಸುಳ್ಳ ಹ್ಯಾಂಗ ಹೇಳ್ಲಿ? ಭಯ ಅದ. ಊಟಾನೂ ಕೊಡಬೇಕಲ್ರಿ.’

ಕಿರಣ್‌ನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅದು ಮೆಲ್ಲಗೆ ಬಾಗಿತು. ವಕೀಲೆ ಕೈ ಹಿಡಿದು ತಡೆದರೂ ಅವನು ಎದ್ದ.

‘ಆರ್ಡರ್ ತೆಗೀಬೇಡಿ, ಯುವರ್ ಆನರ್. ಅಮ್ಮ ಚಿಲಕ ಹಾಕ್ಕೊಳ್ತಾರೆ ಅಂತ ನಂಗೆ ಗೊತ್ತಿರಲಿಲ್ಲ. ನನ್ನನ್ನ ಇಲ್ಲಿಗೆ ತಗೊಳ್ಳಿ. ಆದ್ರೆ ಆರ್ಡರ್ ಹಾಗೇ ಇರ್ಲಿ.’

ಅಲ್ಲಿಯವರೆಗೆ ಅವನು ಚಿಕಿತ್ಸೆಗೆ ಒಪ್ಪಿದ್ದು ಜೈಲು ತಪ್ಪಿಸಿಕೊಳ್ಳಲು ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಬಹುಶಃ ಜಡ್ಜ್‌ಗೂ. ನಾವು ಅದಕ್ಕೆ ಬೇಸರಪಡುವುದಿಲ್ಲ, ಎಲ್ಲರೂ ಶುರುಮಾಡುವುದು ಹಾಗೆಯೇ. ಆದರೆ ಆ ಕ್ಷಣದಿಂದ ಕಾರಣ ಬೇರೆಯಾಯಿತು. ಪ್ರಾಸಿಕ್ಯೂಟರ್ ಹುಡುಗ ಸ್ವಲ್ಪ ಹೊತ್ತು ಪರದೆ ನೋಡಿ, ಅದರಲ್ಲಿ ಏನೂ ಸಿಗದೆ, ‘ಸರ್ಕಾರ ಆಕ್ಷೇಪಣೆ ಹಿಂತೆಗೆದುಕೊಳ್ಳುತ್ತದೆ’ ಅಂದ.

ಜಡ್ಜ್ ಅವನನ್ನು ಸೈನಿಕರ ಕೋರ್ಟಿಗೆ ತೆಗೆದುಕೊಂಡರು. ನಿಷೇಧ ಮುಂದುವರಿಯಿತು, ಒಂದು ವಿನಾಯಿತಿಯೊಂದಿಗೆ. ವಾರಕ್ಕೊಮ್ಮೆ ತಾಯಿ ಕೊಡುವ ಊಟವನ್ನು ಮೆಂಟರ್ ತಲುಪಿಸಬಹುದು. ಚೀಟಿ ಕೂಡದು, ಸಂದೇಶ ಕೂಡದು, ಮಗನ ಕಡೆಯಿಂದ ಏನೂ ಹೋಗಕೂಡದು. ಆಮೇಲೆ ವಾಲ್ಟ್ ಕಡೆ ನೋಡಿ, ‘ತಲುಪಿಸುವುದು ಎಂದಿದ್ದೇನೆ’ ಅಂದರು.

ಮುಂದಿನ ಒಂದೂವರೆ ವರ್ಷ ದೊಡ್ಡ ಕಥೆಯಲ್ಲ. ಒಮ್ಮೆ ಕುಡಿದ, ತಾನೇ ಬಂದು ಹೇಳಿದ, ಜಡ್ಜ್ ಬೈದರು. ಗುಂಪಿನ ಚಿಕಿತ್ಸೆಯಲ್ಲಿ ಮೂರು ತಿಂಗಳು ಬಾಯಿಬಿಡಲಿಲ್ಲ, ಆಮೇಲೆ ಮುಚ್ಚಲಿಲ್ಲ. ಅಪ್ಪ ನೋಟೀಸು ಬೋರ್ಡಿನಿಂದ ಹಿಂದಿನ ಸಾಲಿಗೆ, ಹಿಂದಿನ ಸಾಲಿನಿಂದ ಮಧ್ಯದ ಸಾಲಿಗೆ ಬಂದರು. ಕೊನೆಗೆ ನಿಷೇಧ ತೆಗೆದರು, ಕೇಸು ವಜಾ ಆಯಿತು. ಎಲ್ಲರ ಕಥೆ ಹೀಗೆ ಮುಗಿಯುವುದಿಲ್ಲ. ಅದೇ ವರ್ಷ ಅದೇ ವಸತಿಮನೆಯ ಇನ್ನೊಬ್ಬನಿಗೆ ನಾನು ಅಷ್ಟೇ ನಂಬಿಕೆಯಿಂದ ಶಿಫಾರಸು ಮಾಡಿದ್ದೆ. ಅವನು ಬರಲಿಲ್ಲ, ಎಂದೂ ಬರಲಿಲ್ಲ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ಕೆಲಸ ಬಿಟ್ಟದ್ದಕ್ಕೆ ಕಾರಣ ಕೇಳುವವರಿಗೆ ನಾನು ಜಡ್ಜ್‌ನ ಕೆಮ್ಮು ಕೆಮ್ಮಿ ತೋರಿಸಿ ಮಾತು ತಿರುಗಿಸುತ್ತೇನೆ.

ಇಲ್ಲಿ ಹೇಳಲೇಬೇಕಾದ್ದು ಆ ವಿಚಾರಣೆಯಾಗಿ ಕೆಲವು ವಾರಕ್ಕೆ ಬಂದ ಒಂದು ಫೋನು. ಪ್ರತಿ ಶನಿವಾರ ನಡುದಾರಿಯ ಕೆನ್ಮೋರಿನ ಒಂದು ಅಂಗಡಿಯ ಪಾರ್ಕಿಂಗಿನಲ್ಲಿ ಸುನಂದಮ್ಮ ವಾಲ್ಟ್‌ಗೆ ತುಂಬಿದ ಡಬ್ಬಿ ಕೊಟ್ಟು ಹಿಂದಿನ ವಾರದ ಡಬ್ಬಿ ವಾಪಸ್ ಪಡೆಯುತ್ತಿದ್ದರು. ತೊಳೆದ, ಒರೆಸಿದ, ಖಾಲಿ ಡಬ್ಬಿ. ನಮ್ಮವರ ಮನೆಗಳಲ್ಲಿ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ, ಒಂದು ಚಮಚ ಸಕ್ಕರೆಯಾದರೂ ಹಾಕುತ್ತಾರೆ. ಮಗನಿಗೆ ಅದು ಗೊತ್ತಿತ್ತು, ಆದರೆ ಹಾಕುವಂತಿರಲಿಲ್ಲ. ತಾಯಿಗೂ ಗೊತ್ತಿತ್ತು. ಆದರೂ ಪ್ರತಿ ಶನಿವಾರ ಮುಚ್ಚಳ ತೆಗೆದು ನೋಡುತ್ತಿದ್ದರಂತೆ.

ನನ್ನನ್ನು ನಮ್ಮವನಲ್ಲ ಎಂದು ತೀರ್ಮಾನಿಸಿದ ಮೇಲೆ ಆಕೆ ನನಗೆ ಫೋನ್ ಮಾಡಿರಲಿಲ್ಲ. ಆ ದಿನ ಮಾಡಿದರು.

‘ಡಬ್ಬ್ಯಾಗ ಒಂದ ಸೇಬುಹಣ್ಣ ಅದ ರಿ. ಅಂವಾ ಹಾಕಿ ಕಳಿಸ್ಯಾನೇನೋ ಅಂತ… ಇದು ತಪ್ಪಾಗ್ತದ? ನಾ ಮುಟ್ಟಿಲ್ಲ. ಮುಚ್ಚಳಾ ಹಾಕಿ ಹಂಗ ಇಟ್ಟೀನಿ. ಮೊದಲ ನಿಮಗ ಕೇಳಬೇಕು ಅಂತ.’

ಕಾಯಲು ಹೇಳಿ ವಾಲ್ಟ್‌ಗೆ ಫೋನ್ ಮಾಡಿದೆ. ಆ ಎರಡು ನಿಮಿಷ ನಾನು ಯಾರಿಗೆ ಯಾವ ಉತ್ತರ ಬಯಸಿದೆನೋ ಗೊತ್ತಿಲ್ಲ.

‘ಸೇಬಾ? ನಾನೇ ಹಾಕಿದ್ದು’ ಅಂದ ವಾಲ್ಟ್. ‘ಆಯಮ್ಮ ವಾರವಾರ ಡಬ್ಬಿ ಒಳ್ಗೆ ಇಣುಕಿ ನೋಡ್ತಿದ್ಲು. ನಂಗೆ ತಡಿಯಕಾಗ್ನಿಲ್ಲ. ಹೈದ ಅದನ್ನ ನೋಡೇ ಇಲ್ಲ. ನಮ್ಮ ತಂಗಿ ತೋಟದ್ದು. ಯಾಕ್ಲಾ, ಅದ್ಕೂ ಜೈಲಾ?’

ಸುನಂದಮ್ಮನಿಗೆ ತಿಳಿಸಿದೆ. ಹಣ್ಣು ವಾಲ್ಟ್‌ನದು, ಮಗನದಲ್ಲ, ಯಾವ ತಪ್ಪೂ ಆಗಿಲ್ಲ.

‘ಹೌದಾ’ ಅಂದರು. ಒಂದೇ ಪದ, ಬಹಳ ಕೆಳಗೆ ಇಳಿದ ದನಿ. ‘ಅವರ ಬಾಯಿಂದನ ಹೇಳಿದ್ರಾ?’

‘ಅವರೇ ಹೇಳಿದರು.’

ಆ ಕಡೆ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ನಲ್ಲಿ ಬಿಟ್ಟು ನಿಲ್ಲಿಸಿದ ಸದ್ದು. ಆಮೇಲೆ ಕಚ್ಚಿದ ಸದ್ದು. ಆಕೆ ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಮೇಜಿನ ಮೇಲೆ ಇನ್ನೂ ಒಂಬತ್ತು ಮಂದಿಯ ಕಾಗದ ಕಾಯುತ್ತಿತ್ತು.

‘ಹುಳಿ ಅದ’ ಅಂದರು. ಸ್ವಲ್ಪ ಹೊತ್ತು ಅಗಿದರು. ‘ಮುಂದಿನ ಶನಿವಾರ ಅವರಿಗೊಂದು ಬ್ಯಾರೆ ಡಬ್ಬಿ ಕಟ್ಟತೀನಿ. ಅದಕ್ಕೂ ಜಡ್ಜ್‌ನ ಕೇಳಬೇಕೇನಪಾ?’

‘ಬೇಡಮ್ಮ’ ಎಂದೆ. ‘ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.’